ಸ್ಟೆಮ್ಮರ್ ಇಲ್ಲದೆ ಕನ್ನಡ ಸರ್ಚ್: ನನ್ನ ಅನುಭವ

ಹಳೆಯ ಕೃಷಿ ಮಾಸಪತ್ರಿಕೆಯೊಂದರ ಸುಮಾರು 11,000 ಪುಟ ನನ್ನ ಹತ್ತಿರ ಇದ್ದವು. ‘ಕೊಳೆರೋಗ’ (ಅಡಿಕೆಯ ಕಾಯಿ ಕೊಳೆತು ಉದುರುವ ರೋಗ) ಎಂದು ಹುಡುಕಿದರೆ ಸರಿಯಾದ ಲೇಖನ ಮೇಲೆ ಬರಬೇಕು, ನನಗೆ ಬೇಕಿದ್ದದ್ದು ಇಷ್ಟೇ. ಒಳ್ಳೆ ಸ್ಟೆಮ್ಮರ್ (ಪ್ರತ್ಯಯ ಕಳಚಿ ಪದದ ಮೂಲರೂಪ ಕೊಡುವ ಪ್ರೋಗ್ರಾಮ್) ಇಲ್ಲದೆ ಕನ್ನಡದಲ್ಲಿ ಇದು ಆಗುವ ಮಾತಲ್ಲ ಎಂದರು ಗೊತ್ತಿದ್ದವರು. ಆಗಿದೆ. ಎಂಟು ತಿಂಗಳಿಂದ ಓಡುತ್ತಿದೆ.

ಸ್ಕ್ಯಾನಿಂಗ್‌ಗೆ ಪುಟಕ್ಕೆ ಒಂದೂವರೆ ರೂಪಾಯಿಯಂತೆ ಹದಿನಾರು ಸಾವಿರದ ಚಿಲ್ಲರೆ ಹೋಯಿತು. ಓಸಿಆರ್, ಅಂದರೆ ಚಿತ್ರದಿಂದ ಅಕ್ಷರ ಓದಿಸುವುದು, ಅದಕ್ಕೆಂದೇ ಇರುವ ಟೆಸರಾಕ್ಟ್‌ನಲ್ಲಿ, ನನ್ನ ಲ್ಯಾಪ್‌ಟಾಪಿನಲ್ಲೇ, ನಾಲ್ಕು ರಾತ್ರಿ.

ಮೊದಲ ಪೆಟ್ಟು ಎಸ್‌ಕ್ಯೂಲೈಟ್‌ನ ಎಫ್‌ಟಿಎಸ್5ರಲ್ಲಿ, ಅಂದರೆ ಆ ಡೇಟಾಬೇಸಿನ ಪದ ಹುಡುಕುವ ಭಾಗದಲ್ಲಿ, ಬಿತ್ತು. ಅದರ ಮಾಮೂಲಿ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಸ್ವರಚಿಹ್ನೆಯನ್ನು ಅಕ್ಷರ ಎಂದೇ ಎಣಿಸುವುದಿಲ್ಲ, ‘ಅಡಿಕೆ’ಯನ್ನು ಅಡ, ಕ ಎಂದು ತುಂಡರಿಸುತ್ತದೆ. ಎರಡು ವಾರ ಓಸಿಆರನ್ನೇ ಬೈದುಕೊಂಡಿದ್ದೆ. ಯಾವುದನ್ನು ಅಕ್ಷರ ಎಂದು ಎಣಿಸಬೇಕು ಎಂಬ ಕ್ಯಾಟಗರಿ ಪಟ್ಟಿಗೆ ಎಂಎನ್, ಎಂಸಿ (ಸ್ವರಚಿಹ್ನೆಗಳಿರುವ ಯೂನಿಕೋಡ್ ಗುಂಪುಗಳು) ಎರಡನ್ನೂ ಸೇರಿಸಿದ ಮೇಲೆ ಸರಿಹೋಯಿತು. ಮೂರು ಮೂರು ಚಿಹ್ನೆಯ ತುಂಡು ಮಾಡುವ ಟ್ರೈಗ್ರಾಮ್ ಟೋಕನೈಸರನ್ನೂ ನೋಡಿದೆ. ಓಸಿಆರ್ ಒಂದು ಒತ್ತಕ್ಷರ ತಪ್ಪಿದರೆ ಅಲ್ಲಿ ಏನೂ ಸಿಗುವುದಿಲ್ಲ, ‘ಊರು’ ಹುಡುಕಿದರೆ ‘ಊರಿನಲ್ಲಿ’ ಬರುವುದಿಲ್ಲ.

ಹಾಗಾಗಿ ಪದದ ಗೊಡವೆಯೇ ಬೇಡವೆಂದು ಎರಡೆರಡು ಅಕ್ಷರದ ಜೋಡಿ ಮಾಡಿ ಇಂಡೆಕ್ಸ್‌ಗೆ ಹಾಕಿದೆ. ಕೋಡ್‌ಪಾಯಿಂಟ್ (ಕಂಪ್ಯೂಟರ್ ಎಣಿಸುವ ಬಿಡಿ ಚಿಹ್ನೆ) ಅಲ್ಲ, ಗುಣಿತ, ಒತ್ತು ಸಮೇತ ಪೂರ್ತಿ ಅಕ್ಷರ. ಊರು–ಊರಿನಲ್ಲಿ ತೊಂದರೆ ಆಗಲೂ ಉಳಿದಿತ್ತು. ಗುಣಿತವನ್ನೆಲ್ಲ ಕಳಚಿ ನೋಡಿದೆ: ಕೆರೆ, ಕುರಿ, ಕಾರು ಮೂರೂ ‘ಕರ’ ಆಗಿ, ಕುರಿ ಕೇಳಿದವರಿಗೆ ಕೆರೆಯ ಹೂಳು ಬಂತು! ಕೊನೆಗೆ ಹೊಳೆದದ್ದು ಸಣ್ಣ ವಿಷಯ. ಜೋಡಿಯ ಮೊದಲ ಅಕ್ಷರ ಇದ್ದಂತೆಯೇ ಇರಲಿ, ಎರಡನೆಯದರ ಗುಣಿತ ಮಾತ್ರ ಕಳಚು. ಊರು, ಊರಿಗೆ, ಊರಲ್ಲಿ ಎಲ್ಲದರಲ್ಲೂ ‘ಊರ’ ಸಿಗುತ್ತದೆ. ಕುರಿ ‘ಕುರ’, ಕೆರೆ ‘ಕೆರ’, ಒಂದಕ್ಕೊಂದು ಬೆರೆಯುವುದಿಲ್ಲ. ಕೊಳೆರೋಗ, ಕೊಳೇರೋಗ, ಕೊಳೆ ರೋಗ ಹೇಗೆ ಬರೆದಿದ್ದರೂ ಮೂರು ಜೋಡಿಯಲ್ಲಿ ಎರಡು ಕೂಡುತ್ತವೆ.

ವಿಭಕ್ತಿ ಪ್ರತ್ಯಯಗಳ ಗತಿ ಏನು ಎಂದು ಕೇಳುತ್ತೀರಿ. ‘ಯಲ್ಲಿ’ಯಿಂದ ಬರುವ ಜೋಡಿ ಹೆಚ್ಚುಕಡಿಮೆ ಎಲ್ಲ ಲೇಖನದಲ್ಲೂ ಇರುವುದರಿಂದ ಐಡಿಎಫ್ (ಎಲ್ಲೆಡೆ ಇರುವುದಕ್ಕೆ ಕಡಿಮೆ, ಅಪರೂಪದ್ದಕ್ಕೆ ಹೆಚ್ಚು ತೂಕ ಕೊಡುವ ಲೆಕ್ಕ) ಅದರ ತೂಕವನ್ನು ನೆಲಕ್ಕಿಳಿಸುತ್ತದೆ. ಹುಡುಕಾಟ ತಂತ್ರದ ಸಂಶೋಧಕಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಕೊಟ್ಟ ಈ ಒಂದು ವಿಚಾರ ಸ್ಟೆಮ್ಮರ್ ಮಾಡಬೇಕಿದ್ದ ಮುಕ್ಕಾಲು ಕೆಲಸ ಮಾಡಿಬಿಟ್ಟಿತು. ಇದನ್ನು ಕಣ್ಣಾರೆ ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಎಫ್‌ಟಿಎಸ್5ರಲ್ಲಿ ಲೇಖನಗಳಿಗೆ ಅಂಕ ಕೊಡುವ ಬಿಎಂ25 ಸೂತ್ರದ ಕೆ1 (ಪುನರಾವರ್ತನೆಗೆ ಕೊಡುವ ತೂಕ) 1.2, ಬಿ (ಉದ್ದದ ಲೇಖನದ ಅಂಕ ತಗ್ಗಿಸುವ ಪ್ರಮಾಣ) 0.75 ಎಂದು ಕೂರಿಸಿಬಿಟ್ಟಿದ್ದಾರೆ, ಬದಲಿಸಲು ಬರುವುದಿಲ್ಲ. ಐದು ಸಾಲಿನ ಪ್ರಶ್ನೋತ್ತರಗಳೇ ಮೇಲೆ ಕೂರುತ್ತಿದ್ದವು. ಸ್ಕೋರ್ ಲೆಕ್ಕವನ್ನು ಪೈಥಾನ್‌ಗೆ ತಂದು ಬಿಯನ್ನು 0.4ರ ಆಸುಪಾಸಿಗೆ ಇಳಿಸಿದೆ. ಎರಡೇ ಅಕ್ಷರದ ಪ್ರಶ್ನೆಗೆ ಬೇರೆ ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ವೆಕ್ಟರ್ ಸರ್ಚಿನ (ಅಕ್ಷರದ ಬದಲು ಅರ್ಥದ ಹತ್ತಿರ ನೋಡುವ ಹುಡುಕಾಟ) ಹುಚ್ಚೂ ಹಿಡಿಯಿತು. ಅದಕ್ಕೆ ಬೇಕಾದ ಜಿಪಿಯು ಎಂಬ ಪ್ರೊಸೆಸರಿನ ಬಾಡಿಗೆಗೆ ಮೂರೂವರೆ ಸಾವಿರದ ಮೇಲೆ ಸುರಿದೆ. ಅಡಿಕೆಯ ಕೊಳೆರೋಗ ಕೇಳಿದರೆ ತೆಂಗು, ಕಾಳುಮೆಣಸಿನ ರೋಗಗಳೆಲ್ಲ ಬಂದವು. ‘ಹತ್ತಿರದ ವಿಷಯ’ ಸರಿಯೇ, ಆದರೆ ತೋಟದಲ್ಲಿ ಕಾಯಿ ಉದುರುತ್ತಿರುವಾಗ ಬೇಕಾದದ್ದು ಅದಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಲೇಖನ ಇಪ್ಪತ್ತರ ಆಚೆ ಎಲ್ಲೋ ಇತ್ತು.

ಅಳೆದು ನೋಡದೆ ಇದನ್ನೆಲ್ಲ ಹೇಳುತ್ತಿಲ್ಲ. ಪರಿಚಯದ ಬೆಳೆಗಾರರಿಂದ ಅರವತ್ತು ಪ್ರಶ್ನೆ ಬರೆಸಿಕೊಂಡು, ಯಾವ ಲೇಖನ ಸರಿ ಎಂದು ಮೊದಲೇ ಗುರುತು ಹಾಕಿಸಿದ್ದೆ. ಕ್ರ್ಯಾನ್‌ಫೀಲ್ಡ್ ದಾರಿಯೇ (ಪ್ರಶ್ನೆ, ಸರಿಯುತ್ತರ ಮೊದಲೇ ಗೊತ್ತುಮಾಡಿ ಸರ್ಚ್ ಅಳೆಯುವ ಕ್ರಮ), ಚಿಕ್ಕದಾಗಿ. ಮೊದಲ ಹತ್ತರಲ್ಲಿ ಸರಿಯಾದವು ಸರಾಸರಿ ನಾಲ್ಕು ಇದ್ದದ್ದು ಏಳು ದಾಟಿತು.

ನೀವೂ ಮಾಡುವುದಾದರೆ ಮೊದಲು ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಯೂನಿಕೋಡ್ ರೂಪಗಳನ್ನು ಒಂದಾಗಿಸುವುದು) ಮಾಡಿ, ಜೋಡಕಗಳನ್ನು (ಅಕ್ಷರಗಳ ನಡುವೆ ಕಣ್ಣಿಗೆ ಕಾಣದೆ ಕೂರುವ ಚಿಹ್ನೆಗಳು) ಕಿತ್ತುಹಾಕಿ, ಅನುಸ್ವಾರದ ಜಾಗದಲ್ಲಿ ಕೂತ ಅಂಕೆಯ ಸೊನ್ನೆಯನ್ನು ಹುಡುಕಿ: ‘ಅ೦ಗಡಿ’, ‘ತೆ೦ಗು’. ನನ್ನಲ್ಲಿ ಇಂಥವು ಸಾವಿರಗಟ್ಟಲೆ ಇದ್ದವು.

‘ಮಹಾಳಿ’ ಎಂದರೂ ಕೊಳೆರೋಗವೇ ಎಂದು ಯಾವ ಅಕ್ಷರಜೋಡಿಯೂ ಹೇಳದು. ಅದಕ್ಕೆ ಕೈಯಲ್ಲೇ ಬರೆದ ಪಟ್ಟಿ, ಈಗ ಎಂಬತ್ತು ಸಾಲಿನಷ್ಟಿದೆ. ಬೆಳೆಗಾರರು ಫೋನ್ ಮಾಡಿದಾಗಲೆಲ್ಲ ಒಂದೆರಡು ಸೇರುತ್ತವೆ.