ಅಡಿಕೆ ಸಿಪ್ಪೆಯ ಸಕ್ಕರೆಗೆ ಆನೆ ಲದ್ದಿಯ ಜೀನು

ಕೊನೆ ಕೊಯ್ಲು ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆ ಹೋದರೆ ರಸ್ತೆಬದಿಯಲ್ಲಿ ಅಡಿಕೆ ಸಿಪ್ಪೆಯ ರಾಶಿ. ಮೇಲೆ ಬೂದಿ, ಒಳಗೆ ಕೆಂಡ, ದಿನಗಟ್ಟಲೆ ಹೊಗೆ. ಸುಟ್ಟುಹೋಗುತ್ತಿರುವುದು ಸಕ್ಕರೆ! ನಾರಿನಲ್ಲಿರುವ ಸೆಲ್ಯುಲೋಸ್ ಒಡೆದರೆ ಗ್ಲೂಕೋಸ್ ಸಿಗುತ್ತದೆ, ಹೆಮಿಸೆಲ್ಯುಲೋಸ್ ಒಡೆದರೆ ಮುಖ್ಯವಾಗಿ ಕ್ಸೈಲೋಸ್ ಎಂಬ ಇನ್ನೊಂದು ಸಕ್ಕರೆ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಗ್ಲೂಕೋಸನ್ನು ಗಬಗಬ ತಿಂದು ಎಥನಾಲ್, ಅಂದರೆ ಎಂಜಿನ್ನಿಗೆ ಇಂಧನವಾಗುವ ಮದ್ಯಸಾರ, ಮಾಡುತ್ತದೆ. ಕ್ಸೈಲೋಸ್ ಕೊಟ್ಟರೆ ಸುಮ್ಮನೆ ಕೂರುತ್ತದೆ. ಪ್ರಯೋಗಾಲಯದಲ್ಲಿ ಅದಕ್ಕೆ ಆ ರುಚಿ ಹತ್ತಿಸುವುದು ಹೀಗೆ.

ಮೊದಲು ಸಿಪ್ಪೆ ಒಣಗಿಸಿ ಪುಡಿ ಮಾಡಬೇಕು. ಮಳೆಗೆ ಬಿಟ್ಟರೆ ನಮಗಿಂತ ಮೊದಲು ಬೂಸ್ಟು ಉಂಡುಹೋಗುತ್ತದೆ. ಪುಡಿಯನ್ನು ತೆಳು ಆಮ್ಲದಲ್ಲಿ ಬಿಸಿ ಮಾಡಿದರೆ ಹೆಮಿಸೆಲ್ಯುಲೋಸ್ ಕರಗುತ್ತದೆ, ಉಳಿದ ನಾರನ್ನು ಕಿಣ್ವಗಳು ಒಡೆಯುತ್ತವೆ. ಬೆಂಕಿ ಜಾಸ್ತಿಯಾದರೆ ಸಕ್ಕರೆಯೇ ಕೆಟ್ಟು ಫರ್ಫ್ಯೂರಾಲ್ ಆಗುತ್ತದೆ. ಅದು ಯೀಸ್ಟಿಗೆ ವಿಷ.

ಈಗ ಯೀಸ್ಟಿನ ಸರದಿ. ಕ್ಸೈಲೋಸನ್ನು ಕ್ಸೈಲುಲೋಸ್ ಆಗಿ ತಿರುಗಿಸಿಕೊಟ್ಟರೆ ಮುಂದಿನ ದಾರಿ ಅದಕ್ಕೆ ಗೊತ್ತು. ಹಾಗೆ ತಿರುಗಿಸಲೆಂದು ವಿಜ್ಞಾನಿಗಳು ಮೊದಲಿಗೆ ಕ್ಸೈಲೋಸ್ ತಿನ್ನುವ ಇನ್ನೊಂದು ಜಾತಿಯ ಯೀಸ್ಟಿನಿಂದ ಎರಡು ಕಿಣ್ವಗಳ ಜೀನು ತಂದು ಸೇರಿಸಿದರು. ಕೆಲಸ ಆಯಿತು, ಆದರೆ ಲೆಕ್ಕ ಕೂಡಲಿಲ್ಲ. ಮೊದಲ ಕಿಣ್ವ ಖರ್ಚು ಮಾಡುವುದು ಹೆಚ್ಚಾಗಿ ಎನ್‌ಎಡಿಪಿಎಚ್. ಎರಡನೆಯದು ಹುಟ್ಟಿಸುವುದು ಎನ್‌ಎಡಿಎಚ್. ಎರಡೂ ಜೀವಕೋಶದೊಳಗೆ ಎಲೆಕ್ಟ್ರಾನ್ ಹೊತ್ತು ತಿರುಗುವ ಅಣುಗಳು, ಆದರೆ ಬೇರೆ ಬೇರೆ. ಒಂದು ಡಬ್ಬಿ ಖಾಲಿ, ಇನ್ನೊಂದು ತುಂಬಿ ಚೆಲ್ಲುವಷ್ಟು. ನಡುವೆ ಸಿಕ್ಕಿಕೊಂಡ ಸಕ್ಕರೆ ಕ್ಸೈಲಿಟಾಲ್ ಎಂಬ ಸಿಹಿಕಾರಕ ಆಗಿ ಹೊರಬಿತ್ತು. ಚೂಯಿಂಗ್ ಗಮ್ಮಿಗೆ ಸರಿ, ಎಂಜಿನ್ನಿಗೆ ಬೇಡ.

ಒಂದೇ ಹೆಜ್ಜೆಯಲ್ಲಿ ಈ ಕೆಲಸ ಮುಗಿಸುವ ಐಸೊಮರೇಸ್ ಕಿಣ್ವ ಸಿಕ್ಕಿದ್ದು ಪೈರೊಮೈಸಿಸ್ ಎಂಬ ಶಿಲೀಂಧ್ರದಲ್ಲಿ. ಆ ಶಿಲೀಂಧ್ರ ಸಿಕ್ಕಿದ್ದು ಭಾರತೀಯ ಆನೆಯ ಲದ್ದಿಯಲ್ಲಿ! ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆ ಸೊಪ್ಪು ಜಗಿಯುವುದನ್ನು ನೋಡಿದವರಿಗೆ ಇದು ಅಚ್ಚರಿಯಲ್ಲ. ಅಷ್ಟು ನಾರು ಅರಗಬೇಕಾದರೆ ಹೊಟ್ಟೆಯೊಳಗೆ ಕೂಲಿಯಾಳುಗಳು ಇರಲೇಬೇಕು. 2003ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಜ್ಞಾನಿಗಳು ಈ ಕಿಣ್ವದ ಜೀನನ್ನು ಯೀಸ್ಟಿಗೆ ಸೇರಿಸಿದರು. ಸೇರಿಸುವ ಹಳೆಯ ವಿಧಾನ ಸರಳ: ಯೀಸ್ಟನ್ನು ಲಿಥಿಯಂ ಅಸಿಟೇಟಿನಲ್ಲಿ ನೆನೆಸಿ, ಡಿಎನ್‌ಎ ಬೆರೆಸಿ, 42 ಡಿಗ್ರಿಯ ಬಿಸಿ ಮುಟ್ಟಿಸುವುದು. ಈಗ ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸುವ ಕ್ರಿಸ್ಪರ್ ಕತ್ತರಿಯೂ ಇದೆ.

ಜೀನು ಕೂತ ಮಾತ್ರಕ್ಕೆ ಯೀಸ್ಟ್ ಓಡುವುದಿಲ್ಲ, ತೆವಳುತ್ತದೆ. ಕ್ಸೈಲೋಸ್ ಬಿಟ್ಟು ಬೇರೇನೂ ಕೊಡದೆ ಬೆಳೆಸಿ, ಬೆಳೆದದ್ದರಲ್ಲಿ ಚೂರು ತೆಗೆದು ಹೊಸ ಕೊಳವೆಗೆ ಹಾಕುತ್ತಾ ಹೋಗಬೇಕು. ನಿನ್ನೆಯ ಹಿಟ್ಟಿನಲ್ಲಿ ಒಂದು ಸೌಟು ಉಳಿಸಿ ಇವತ್ತಿನದಕ್ಕೆ ಕಲೆಸಿದ ಹಾಗೆ. ಹೀಗೇ ತಿಂಗಳುಗಟ್ಟಲೆ ಮಾಡಿದರೆ ಚುರುಕಾದವು ಉಳಿಯುತ್ತವೆ. ನನ್ನ ಲೆಕ್ಕದಲ್ಲಿ ಜಾಣತನಕ್ಕಿಂತ ತಾಳ್ಮೆ ಬೇಡುವ ಹಂತ ಇದೇ.

ಆಮೇಲೆ ಗಾಳಿಯಾಡದ ತೊಟ್ಟಿಯಲ್ಲಿ ಸುಮಾರು 30 ಡಿಗ್ರಿಯಲ್ಲಿ ಹುದುಗಿಸುವುದು. ಯೀಸ್ಟ್ ಮೊದಲು ಗ್ಲೂಕೋಸ್ ಮುಗಿಸಿ ಆಮೇಲೆ ಕ್ಸೈಲೋಸಿಗೆ ಬಾಯಿ ಹಾಕುತ್ತದೆ, ಒಳಗೆ ಹೋಗುವ ಬಾಗಿಲು ಎರಡಕ್ಕೂ ಒಂದೇ. 100 ಗ್ರಾಂ ಸಕ್ಕರೆಗೆ ಎಥನಾಲ್ ಹೆಚ್ಚೆಂದರೆ 51 ಗ್ರಾಂ. ಉಳಿದದ್ದು ಇಂಗಾಲದ ಡೈಆಕ್ಸೈಡ್. ಕೊನೆಗೆ ಭಟ್ಟಿ ಇಳಿಸುವುದು. ಅದನ್ನು ಮಾತ್ರ ಮನೆಯ ಹಿತ್ತಲಲ್ಲಿ ಮಾಡಲು ಹೋಗಬೇಡಿ, ಅಬಕಾರಿಯವರಿಗೆ ಅದು ಅಡಿಕೆ ಸಿಪ್ಪೆಯದೋ ಬೆಲ್ಲದ್ದೋ ಎಲ್ಲಾ ಒಂದೇ.