ಮಡಿಕೇರಿಯ ಗಾಳಿಯಲ್ಲಿ ರೋಯಿಂಗ್ ಮಷಿನ್: ಮಾನಿಟರ್ ಬಗ್ಗೆ ನನ್ನ ಅನುಭವ

ರೋಯಿಂಗ್ ಮಷಿನ್, ಅಂದ್ರೆ ದೋಣಿ ಹುಟ್ಟು ಹಾಕೋ ಥರ ಕೂತು ಹ್ಯಾಂಡಲ್ ಎಳೆಯೋ ವ್ಯಾಯಾಮದ ಮಷಿನ್, ತಗೊಂಡವ್ರು ಮೊದ್ಲು ಕೇಳೋದು ಒಂದೇ ಪ್ರಶ್ನೆ, ಲಿವರ್ ಎಷ್ಟರಲ್ಲಿ ಇಡ್ಬೇಕು ಅಂತ. ಫ್ಯಾನ್ ಪಕ್ಕದಲ್ಲಿ 1ರಿಂದ 10ರ ತನಕ ನಂಬರ್ ಇರುತ್ತಲ್ಲ, ಆ ಡ್ಯಾಂಪರ್ ಲಿವರ್. ನಾನು ಹೇಳೋದು, ಕೊಡಗಲ್ಲಿ ಕೂತು ಎಳೆಯೋರು ಆ ನಂಬರ್‌ನ ನಂಬ್ಬೇಡಿ, ಮಾನಿಟರ್ ಒಳಗೆ ಡ್ರ್ಯಾಗ್ ಫ್ಯಾಕ್ಟರ್ ಅಂತ ಇನ್ನೊಂದು ನಂಬರ್ ಉಂಟು, ಗಾಳಿ ಫ್ಯಾನನ್ನ ಎಷ್ಟು ತಡೀತಾ ಉಂಟು ಅಂತ ಹೇಳೋದು, ಅದನ್ನ ನೋಡಿ.

ನನ್ನ ಹತ್ರ ಇರೋದು ಕಾನ್ಸೆಪ್ಟ್2 ಮಷಿನ್, ಮಾನಿಟರ್ ಪಿಎಂ5. ಮೇನ್ ಮೆನುವಲ್ಲಿ ಮೋರ್ ಆಪ್ಶನ್ಸ್ ಒತ್ತಿ, ಡಿಸ್‌ಪ್ಲೇ ಡ್ರ್ಯಾಗ್ ಫ್ಯಾಕ್ಟರ್ ಒತ್ತಿ, ಆಮೇಲೆ ಮಾಮೂಲಿ ಎಳೆಯೋ ಥರಾನೇ ಒಂದಷ್ಟು ಸ್ಟ್ರೋಕ್ ಎಳೀರಿ, ನಂಬರ್ ಬರುತ್ತೆ. ಅದು ಎಲ್ಲಿಂದ ಬರುತ್ತೆ ಅಂದ್ರೆ, ನೀವು ಎಳೆದು ಮುಗಿಸಿ ಸೀಟ್ ಸಮೇತ ಮುಂದೆ ಬರ್ತೀರಲ್ಲ, ಆ ಹೊತ್ತಲ್ಲಿ ಫ್ಲೈವ್ಹೀಲ್, ಅಂದ್ರೆ ಆ ಫ್ಯಾನಿನ ಚಕ್ರ, ಎಷ್ಟು ಬೇಗ ನಿಧಾನ ಆಗ್ತಾ ಉಂಟು ಅಂತ ಮಾನಿಟರ್ ಅಳೆಯುತ್ತೆ, ಒಂದೊಂದು ಸ್ಟ್ರೋಕಿಗೂ ಹೊಸದಾಗಿ ಲೆಕ್ಕ ಹಾಕುತ್ತೆ. ಲಿವರ್ ಮಾಡೋದು ಗಾಳಿ ಒಳಗೆ ಹೋಗೋ ಬಾಗಿಲು ತೆರೆಯೋದು ಮುಚ್ಚೋದು ಅಷ್ಟೇ, ಆ ಗಾಳಿ ದಪ್ಪ ಉಂಟೋ ತೆಳು ಉಂಟೋ ಅಂತ ಲಿವರಿಗೆ ಗೊತ್ತಿರಲ್ಲ.

ನಮ್ಮ ಮಡಿಕೇರಿ ಸಮುದ್ರ ಮಟ್ಟಕ್ಕಿಂತ ಸುಮಾರು 1150 ಮೀಟರ್ ಮೇಲೆ ಉಂಟು. ಮಂಗಳೂರಿಗೆ ಹೋಲಿಸಿದ್ರೆ ಇಲ್ಲಿ ಗಾಳಿ ಸಾಂದ್ರತೆ ಹತ್ತಿರ ಹತ್ತಿರ ಶೇಕಡ 10 ಕಮ್ಮಿ. ಮಂಗಳೂರಲ್ಲಿ ಒಂದು ಜಿಮ್ಮಲ್ಲಿ ಇದೇ ಮಷಿನಲ್ಲಿ ಲಿವರ್ 5ಕ್ಕೆ ಇಟ್ಟು ಎಳ್ದಾಗ ಡ್ರ್ಯಾಗ್ 125ರ ಹತ್ರ ಬಂತು, ಮನೇಲಿ ಅದೇ 5ಕ್ಕೆ 112 ಆಸುಪಾಸು. ಎರಡೂ ಕಡೆ ಎಳೆದ ಅನುಭವ ಒಂದೇ ಥರ ಬೇಕು ಅಂದ್ರೆ ಮನೇಲಿ ಲಿವರ್ ಇನ್ನೊಂಚೂರು ಮೇಲೆ ಹೋಗ್ಬೇಕು. ಗಾಳಿ ಬಿಸಿ ಆದ್ರೂ ತೆಳು ಆಗುತ್ತೆ, ಹಂಗಾಗಿ ಡಿಸೆಂಬರ್ ಬೆಳಗ್ಗೆ ಬರೋ ನಂಬರೇ ಬೇರೆ, ಮಾರ್ಚ್ ಮಧ್ಯಾಹ್ನ ಬರೋದೇ ಬೇರೆ. ಆದ್ರೆ ಮಾನಿಟರ್ ಈ ಡ್ರ್ಯಾಗ್ ಹಿಡ್ಕೊಂಡೇ ಸ್ಪೀಡ್ ಲೆಕ್ಕ ಹಾಕೋದ್ರಿಂದ ಇಲ್ಲಿ ಎಳೆದ 2000 ಮೀಟರ್ ಟೈಮನ್ನ ಕರಾವಳಿಲಿ ಎಳೆದ ಟೈಮ್ ಜೊತೆ ಧೈರ್ಯವಾಗಿ ಇಟ್ಟು ನೋಡ್ಬಹುದು. ನಂಗೆ ಈ ಮಾನಿಟರ್ ಮೇಲೆ ಗೌರವ ಬಂದಿದ್ದೇ ಈ ಕಾರಣಕ್ಕೆ.

ತಮ್ಮನ ಮಗ ಹಾಕಿ ಆಡ್ತಾನೆ, ಬೇಸಿಗೆಲಿ ಕುಟುಂಬಗಳ ಟೂರ್ನಮೆಂಟ್ ಹತ್ರ ಬಂತು ಅಂದ್ರೆ ಸ್ಟ್ಯಾಮಿನಾ ಮಾಡ್ಕೊಳಕ್ಕೆ ನಮ್ಮನೆಗೆ ಬರ್ತಾನೆ, ಬಂದ್ ಕೂಡ್ಲೆ ಲಿವರ್ 10ಕ್ಕೆ ತಳ್ಳೋದು. "ದೊಡ್ಡಪ್ಪ, ಟೈಟ್ ಇದ್ರೇನೆ ವರ್ಕೌಟ್ ಆಗೋದು" ಅಂತಾನೆ. ನಾನು ಅವ್ನಿಗೆ ಹೇಳೋದು, ಇದು ಸೈಕಲ್ ಗೇರ್ ಥರ ಕಣೋ, ಭಾರದ ಗೇರ್ ಹಾಕಿದ್ ತಕ್ಷಣ ಜಾಸ್ತಿ ದೂರ ಹೋಗಲ್ಲ, ಸೊಂಟ ಮೊದ್ಲು ಸೋಲುತ್ತೆ. ನಾನು ಡ್ರ್ಯಾಗ್ 110ರಿಂದ 120ರ ಒಳಗೆ ಇಟ್ಕೊಳ್ತೀನಿ, ಅವ್ನಿಗೂ 130 ದಾಟ್ಬೇಡ ಅಂತೀನಿ.

ಇನ್ನು ಸ್ಕ್ರೀನಲ್ಲಿ ಏನು ನೋಡ್ಬೇಕು ಅಂತ. ನಾನು 500 ಮೀಟರಿಗೆ ಎಷ್ಟು ಟೈಮ್ ಅನ್ನೋ ಪೇಸ್ ನೋಡ್ತೀನಿ, ಜೊತೆಗೆ ನಿಮಿಷಕ್ಕೆ ಎಷ್ಟು ಸ್ಟ್ರೋಕ್ ಅನ್ನೋದು. ಪೇಸ್ ವಿಷಯದಲ್ಲಿ ಒಂದು ತಿಳ್ಕೊಳ್ಳಿ, 2:30 ಪೇಸಿಗೆ ಸುಮಾರು 104 ವ್ಯಾಟ್ ಸಾಕು, ಆದ್ರೆ 2:00ಕ್ಕೆ 203 ವ್ಯಾಟ್ ಬೇಕು. ಬರೀ ಮೂವತ್ತು ಸೆಕೆಂಡ್ ಇಳಿಸಕ್ಕೆ ಶಕ್ತಿ ಹೆಚ್ಚುಕಮ್ಮಿ ಡಬಲ್. ಅದಕ್ಕೇ ಒಂದೊಂದೇ ಸೆಕೆಂಡ್ ಇಳಿದ್ರೂ ಖುಷಿ ಪಡ್ಬೇಕು. ಕ್ಯಾಲೊರಿ ನಂಬರ್ ನಾನು ನೋಡೋದೇ ಇಲ್ಲ, ಅದು 175 ಪೌಂಡ್, ಅಂದ್ರೆ 79 ಕೆಜಿ ತೂಕದವ್ರ ಲೆಕ್ಕ, ನಿಮ್ಮ ತೂಕ ಮಾನಿಟರಿಗೆ ಗೊತ್ತಿಲ್ಲ. ಚೇಂಜ್ ಡಿಸ್‌ಪ್ಲೇ ಬಟನ್ ಒತ್ತಾ ಹೋದ್ರೆ ಫೋರ್ಸ್ ಕರ್ವ್ ಬರುತ್ತೆ, ಒಂದು ಸ್ಟ್ರೋಕಲ್ಲಿ ಎಲ್ಲೆಲ್ಲಿ ಎಷ್ಟು ಬಲ ಹಾಕಿದ್ರಿ ಅಂತ ತೋರಿಸೋ ಗೆರೆ, ಆ ಗೆರೆ ಒಂದೇ ಗುಡ್ಡ ಆಗಿ ನುಣ್ಣಗೆ ಬಂದ್ರೆ ಕಾಲು, ಸೊಂಟ, ಕೈ ಒಂದರ ಹಿಂದೆ ಒಂದು ಸರಿಯಾಗಿ ಬರ್ತಾ ಉಂಟು ಅಂತ, ಎರಡು ಗುಡ್ಡ ಆದ್ರೆ ಮಧ್ಯದಲ್ಲಿ ಎಲ್ಲೋ ಎಳೆತ ಬಿಟ್ಟು ಹೋಗಿದೆ ಅಂತ. ಕೋಚ್ ಇಲ್ದೇ ಇರೋ ನಮ್ಮಂಥವ್ರಿಗೆ ಇದಕ್ಕಿಂತ ಒಳ್ಳೆ ಕನ್ನಡಿ ಇಲ್ಲ.

ಈಗ ಮಳೆಗಾಲದ ವಿಷಯ, ಇದೇ ಮುಖ್ಯ. ಜೂನ್ ಜುಲೈಲಿ ಇಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಹೇಳಕ್ಕಾಗಲ್ಲ, ಆದ್ರೆ ಈ ಮಷಿನಿಗೆ ಕರೆಂಟೇ ಬೇಡ. ಮಾನಿಟರ್ ಹಿಂದೆ ಎರಡು ದಪ್ಪ ಸೆಲ್, ಹಳೇ ಟಾರ್ಚಿಗೆ ಹಾಕ್ತಿದ್ವಲ್ಲ ಆ ಡಿ ಸೈಜಿಂದು. ಎಳೆಯುವಾಗ ಫ್ಲೈವ್ಹೀಲಿಂದಲೇ ಮಾನಿಟರಿಗೆ ಪವರ್ ಬರುತ್ತೆ, ಸೆಲ್ ಖರ್ಚಾಗೋದು ಮೆನು ಒತ್ತಿ ಸೆಟ್ ಮಾಡುವಾಗ, ಎಳೆದು ಮುಗಿದ ಮೇಲೆ ರಿಸಲ್ಟ್ ನೋಡುವಾಗ. ಥಂಡಿಗೆ ಆ ಸೆಲ್ ಜಾಗದ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕೂರುತ್ತೆ, ಆಗ ಸ್ಕ್ರೀನ್ ಒಮ್ಮೆ ಬರುತ್ತೆ ಒಮ್ಮೆ ಬರಲ್ಲ. ನಾನು ಸೆಲ್ ತೆಗೆದು, ಕಿವಿಗೆ ಹಾಕೋ ಹತ್ತಿ ಕಡ್ಡಿಗೆ ಒಂದು ಹನಿ ವಿನೆಗರ್ ತಾಗ್ಸಿ ಆ ಪುಡಿ ಉಜ್ಜಿ, ಒಣ ಕಡ್ಡಿಲಿ ಒರೆಸಿ, ಪೂರ್ತಿ ಆರಿದ ಮೇಲೆ ಹೊಸ ಸೆಲ್ ಹಾಕ್ತೀನಿ. ಹುಳಿ ತಾನೆ, ಕಾಚಂಪುಳಿ (ಕೊಡಗಿನ ಅಡುಗೆಗೆ ಹಾಕೋ ಕಪ್ಪು ಹುಳಿ) ಆಗಲ್ವಾ ಅಂತ ಮನೇಲಿ ಕೇಳಿದ್ರು, ಅದು ಗಟ್ಟಿ, ಅಂಟು ಉಳಿಯುತ್ತೆ, ಬೇಡ. ಸೆಲ್ ಬದಲಾಯಿಸಿದ ಮೇಲೆ ಡೇಟ್ ಟೈಮ್ ಸರಿ ಉಂಟಾ ನೋಡ್ಕೊಳ್ಳಿ, ಇಲ್ಲಾಂದ್ರೆ ಮೆಮೊರಿಲಿ ವರ್ಕೌಟ್ ಎಲ್ಲಾ ತಪ್ಪು ತಾರೀಕಿಗೆ ಹೋಗಿ ಕೂರುತ್ತೆ. ತುಂಬ ದಿನ ಊರಲ್ಲಿ ಇರಲ್ಲ ಅಂದ್ರೆ ಸೆಲ್ ತೆಗೆದಿಟ್ಟೇ ಹೋಗಿ. ಸ್ಕ್ರೀನ್ ಒರೆಸಕ್ಕೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆ ಸಾಕು, ನೇರ ಸ್ಪ್ರೇ ಹೊಡೀಬೇಡಿ.

ಸ್ಕ್ರೀನ್ ಚೆನ್ನಾಗಿ ಬರ್ತಾ ಉಂಟು ಆದ್ರೆ ಎಳೆದ್ರೆ ಮೀಟರ್ ಓಡ್ತಾ ಇಲ್ಲ ಅಂದ್ರೆ ಮೊದ್ಲು ಮಾನಿಟರ್ ಹಿಂದೆ ಫ್ಲೈವ್ಹೀಲ್ ಕಡೆಯಿಂದ ಬರೋ ಕೇಬಲ್ ನೋಡಿ, ಮಷಿನ್ ಎರಡು ಭಾಗ ಮಾಡಿ ಎತ್ತಿಟ್ಟು ಮತ್ತೆ ಜೋಡಿಸುವಾಗ ಅದರ ಪಿನ್ ಸಡಿಲ ಆಗುತ್ತೆ. ಒತ್ತಿ ಕೂರಿಸಿದ್ರೆ ಸರಿ. ಇಲಿ ಕಡಿದಿದ್ಯಾ ಅಂತಲೂ ನೋಡಿ, ತೋಟದ ಮನೆಗಳಲ್ಲಿ ಅದೂ ಉಂಟು.

ನಮ್ಮ ಕಡೆ ತೋಟದವ್ರ ಮನೇಲಿ ಮಳೆ ಪುಸ್ತಕ ಇರುತ್ತಲ್ಲ, ದಿನಾ ಬೆಳಗ್ಗೆ ಎಷ್ಟು ಇಂಚು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಮಳೆ ಅಂತ ಬರೆಯೋದು, ನಾನು ಅದೇ ಸಾಲಲ್ಲಿ ಕೊನೆಗೆ ಲಿವರ್ 5ರಲ್ಲಿ ಬಂದ ಡ್ರ್ಯಾಗನ್ನೂ ಬರೀತೀನಿ. ಇದರಿಂದ ಸಿಕ್ಕಿದ ಲಾಭ ದೊಡ್ಡದು. ಹವೆ ಬದಲಾದಾಗ ನಂಬರ್ ಎರಡು ಮೂರು ಮೇಲೆ ಕೆಳಗೆ ಆಗೋದು ಮಾಮೂಲಿ, ಆದ್ರೆ ವಾರ ವಾರಕ್ಕೂ ಇಳೀತಾನೇ ಹೋದ್ರೆ ಫ್ಯಾನಿನ ಜಾಲರಿಲಿ ಧೂಳು ಕಟ್ಟಿದೆ ಅಂತ ಅರ್ಥ. ಕಣದಲ್ಲಿ ಕಾಫಿ ಒಣಗ್ಸೋ ಟೈಮಲ್ಲಿ ನಮ್ಮನೇಲಿ ಇದು ಆಗೇ ಆಗುತ್ತೆ. ಟಾರ್ಚ್ ಬಿಟ್ಟು ನೋಡಿ, ಹೊರಗಿಂದ ವ್ಯಾಕ್ಯೂಮ್ ಹಿಡಿದ ಮೇಲೆ ಮತ್ತೆ ನಂಬರ್ ಮೇಲೆ ಬರುತ್ತೆ. ಮಷಿನ್ ಕ್ಲೀನ್ ಮಾಡೋ ಹೊತ್ತಾಯ್ತು ಅಂತ ಮಾನಿಟರೇ ಹೇಳ್ದಂಗೆ.

ಚೈನ್ ಬಗ್ಗೆ ಕಂಪನಿ ಹೇಳೋದು 50 ಗಂಟೆ ಬಳಕೆಗೆ ಒಂದ್ಸಲ ಎಣ್ಣೆ ಅಂತ, ಇಲ್ಲಿನ ಮಳೇಲಿ ನಾನು ಅಷ್ಟು ಕಾಯಲ್ಲ, ತುಕ್ಕಿನ ಬಣ್ಣ ಬಟ್ಟೆಗೆ ಹತ್ತಿದ ದಿನವೇ ಹಚ್ತೀನಿ. ಹೊಲಿಗೆ ಮಷಿನ್ ಎಣ್ಣೆ ಥರದ ಮಿನರಲ್ ಆಯಿಲ್ ಬಟ್ಟೆಗೆ ಹಾಕಿ, ಹ್ಯಾಂಡಲ್ ಪೂರ್ತಿ ಹಿಂದೆ ಎಳೆದು ಇನ್ನೊಬ್ರಿಗೆ ಹಿಡ್ಕೊಳ್ಳಕ್ಕೆ ಹೇಳಿ ಉದ್ದಕ್ಕೂ ಒರೆಸಿ, ಜಾಸ್ತಿ ಆಗಿದ್ದನ್ನ ಒಣ ಬಟ್ಟೆಲಿ ತೆಗೀರಿ. ತುಕ್ಕು ಬಿಡಿಸೋ ಸ್ಪ್ರೇ ಮಾತ್ರ ಚೈನಿಗೆ ಹಾಕ್ಬೇಡಿ.