ದಾರಿಯಿಲ್ಲದ ಕಲ್ಲುಬೆಟ್ಟ ಹತ್ತುವುದು ಹೇಗೆ?

ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲಿವೆ, ಕರಿಘಟ್ಟಕ್ಕೂ ಇವೆ. ಅಲ್ಲಿ ಬೇಕಾದದ್ದು ಉಸಿರು ಮಾತ್ರ. ಪಾಂಡವಪುರದ ಕುಂತಿಬೆಟ್ಟದಲ್ಲಿ ಜನ ಓಡಾಡುವ ದಾರಿ ಬಿಟ್ಟು ಪಕ್ಕಕ್ಕೆ ಹೊರಳಿದರೆ, ಇಲ್ಲವೇ ಕೆ.ಆರ್. ಪೇಟೆ ತಾಲ್ಲೂಕಿನ ನಾರಾಯಣದುರ್ಗದ ಕಡೆ ಹೋದರೆ ಲೆಕ್ಕವೇ ಬೇರೆ. ಬೋರ್ಡಿಲ್ಲ, ಬಾಣದ ಗುರುತಿಲ್ಲ; ಹಾಸುಬಂಡೆ, ಗುಂಡುಕಲ್ಲು, ನಡುವೆ ಮುಳ್ಳಿನ ಮೆಳೆ. ಹಗ್ಗ ಬೇಕಾಗುವಷ್ಟು ಕಡಿದಲ್ಲದಿದ್ದರೂ ಕೈಬೀಸಿಕೊಂಡು ಹೋಗುವಷ್ಟು ಸಲೀಸೂ ಅಲ್ಲ. ಅಲ್ಲಲ್ಲಿ ಕೈಯೂರಿಯೇ ಹತ್ತಬೇಕು.

ಇಂಥ ಕಡೆ ಉಳಿದೆಲ್ಲ ನಿಯಮಕ್ಕಿಂತ ಮೇಲಿನದು ಒಂದಿದೆ: ಇಳಿಯಲಾಗದ ಜಾಗವನ್ನು ಹತ್ತಬೇಡಿ. ಹತ್ತುವಾಗ ಹಿಡಿಯಲು, ಮೆಟ್ಟಲು ಇರುವುದೆಲ್ಲ ಕಣ್ಣೆದುರೇ ಕಾಣುತ್ತದೆ. ಇಳಿಯುವಾಗ ಅದೇ ಹಿಡಿಗಳು ಹೊಟ್ಟೆಯ ಕೆಳಗೆ ಮರೆಯಾಗುತ್ತವೆ. ಆಳೆತ್ತರದ ಬಂಡೆಯನ್ನು ಹುರುಪಿನಲ್ಲಿ ಹತ್ತಿದವರು ಅರ್ಧ ಗಂಟೆ ಅದರ ಮೇಲೆ ಕೂತು ಕಾಲು ಇಳಿಬಿಡುವುದು ಇದೇ ಕಾರಣಕ್ಕೆ.

ಹೊರಡುವ ಮುನ್ನ

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಕಳೆದರೆ ಬಿಸಿಲೇರುತ್ತಿದ್ದಂತೆ ಬಂಡೆ ಕಾದು ಅಂಗೈ ಊರಲಾಗದು. ಬೆಟ್ಟ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದ್ದರೆ ಮೊದಲೇ ಅನುಮತಿ ಪಡೆಯಿರಿ. ಚಿರತೆ, ಕರಡಿ ಓಡಾಡುವ ಸೀಮೆ ಇದು. ಹಾಗಾಗಿ ಬೆಳಕು ಹರಿದ ಮೇಲೆ ಹೊರಟು ಸಂಜೆ ಐದರೊಳಗೆ ಬುಡ ಸೇರಿ.

ಸಮಯದ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ನಡಿಗೆಗೆ ಗಂಟೆಗೆ 5 ಕಿ.ಮೀ., ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆದರೆ ಅದು ನಡೆಯಬಹುದಾದ ನೆಲದ ಲೆಕ್ಕ. ಮೆಳೆ ಬಿಡಿಸಿಕೊಂಡು, ಕೈಯೂರಿ ಹೋಗುವ ಕಡೆ ಅದರ ಎರಡರಷ್ಟು ಹಿಡಿಯಿರಿ.

ಸಾಮಾನು ಹೆಚ್ಚೇನಿಲ್ಲ. ತಲೆಗೆ 3 ಲೀಟರ್ ನೀರು, ಹೆಡ್‌ಲೈಟ್, ತೆಳು ಕೈಗವಸು, ಬ್ಯಾಂಡೇಜು, ಸೀಟಿ. ಬಂಡೆಯ ಗುಂಡಿಯಲ್ಲಿ ನಿಲ್ಲುವ ದೊಣೆಯ ನೀರನ್ನು ನಂಬಿಕೊಂಡು ಹೋಗಬೇಡಿ. ಶೂ ಬಗ್ಗೆ ಮಾತ್ರ ರಾಜಿ ಬೇಡ: ಮೆತ್ತನೆಯ ರಬ್ಬರ್ ಅಡಿಯದೇ ಆಗಬೇಕು. ಸವೆದು ಗಟ್ಟಿಯಾದ ಅಡಿ ಹಾಸುಬಂಡೆಯ ಮೇಲೆ ಜಾರುತ್ತದೆ, ಶೂ ಎಷ್ಟೇ ದುಬಾರಿಯದಾಗಿರಲಿ.

ಬುಡದಲ್ಲೇ ದಾರಿ ನೋಡಿ

ಬೆಟ್ಟದ ಬುಡಕ್ಕೆ ಅಂಟಿಕೊಂಡರೆ ಬೆಟ್ಟ ಕಾಣುವುದಿಲ್ಲ. ನಾಲ್ಕು ನೂರು ಮೀಟರ್ ಹಿಂದೆಯೇ ನಿಂತು ಏಣು, ಅಂದರೆ ಬೆಟ್ಟದ ಬೆನ್ನಿನಂತೆ ಎದ್ದ ಸಾಲು, ಎಲ್ಲಿಂದ ಶುರುವಾಗಿ ನೆತ್ತಿಗೆ ಹೇಗೆ ಸೇರುತ್ತದೆ ನೋಡಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಎರಡು ಬಂಡೆಗಳ ನಡುವಿನ ಕೊರಕಲು ನೇರ ದಾರಿಯಂತೆ ಕಂಡರೂ ಬೇಡ. ಉರುಳುವ ಕಲ್ಲು, ಮುಳ್ಳು ಎರಡೂ ತುಂಬಿರುವುದು ಅಲ್ಲೇ, ಕರಡಿ ಅಡಗುವುದೂ ಅಂಥ ಕಡೆಯೇ. ಏಣಿನ ಮೇಲಿದ್ದರೆ ಎರಡೂ ಮಗ್ಗುಲು ಕಾಣುತ್ತದೆ. ದೊಡ್ಡ ಗುಂಡು ಅಡ್ಡ ಬಂದರೆ ಇಳಿಜಾರು ಕಡಿಮೆಯಿರುವ ಮಗ್ಗುಲಲ್ಲಿ ಬಳಸಿ ಮತ್ತೆ ಏಣಿಗೇ ಬನ್ನಿ.

ಕುರಿ ಕಾಯುವವರು ಸಿಕ್ಕರೆ ಕೇಳಿ: "ಯಜಮಾನ್ರೇ, ಹೆಜ್ಜೇನು ಎಲ್ಲಿ ಕಟ್ಟದೆ? ಯಾವ ಕಡೆಯಿಂದ ಇಳೀಬೌದು?" ಈ ಎರಡು ಪ್ರಶ್ನೆಗೆ ಯಾವ ಆ್ಯಪ್‌ನಲ್ಲೂ ಉತ್ತರವಿಲ್ಲ.

ಬಂಡೆಯ ಮೇಲೆ

ಹೆದರಿದವರು ಬಂಡೆಯನ್ನು ಅಪ್ಪಿಕೊಳ್ಳುತ್ತಾರೆ. ಜಾರುವುದೇ ಆಗ. ಮೈ ಬಂಡೆಗೆ ಒರಗಿದರೆ ಭಾರ ಪಾದದಿಂದ ತಪ್ಪುತ್ತದೆ, ಒತ್ತಡ ಕಡಿಮೆಯಾಗಿ ರಬ್ಬರಿನ ಹಿಡಿತ ಹೋಗುತ್ತದೆ. ಸೊಂಟ ಹೊರಗಿಟ್ಟು, ಭಾರ ನೇರ ಪಾದದ ಮೇಲೆ ಬೀಳುವಂತೆ ನಿಂತು, ಗೇಣುದ್ದದ ಹೆಜ್ಜೆ ಇಡಿ. ಕಡಿದಾದ ಕಡೆ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಊರಿರಲಿ, ಒಂದು ಮಾತ್ರ ಕದಲಲಿ. ಎತ್ತುವ ಕೆಲಸ ಕಾಲಿನದು, ಕೈ ಸಮತೋಲಕ್ಕಷ್ಟೇ.

ಹಿಡಿಯುವ ಮೊದಲು ಕಲ್ಲನ್ನು ಗೆಣ್ಣಿನಿಂದ ತಟ್ಟಿ. ಬಿಸಿಲು, ಚಳಿಗಳಿಂದ, ಮೇಲಿದ್ದ ಮಣ್ಣು ಕಲ್ಲಿನ ಭಾರ ಕಳೆದುಹೋದದ್ದರಿಂದ ನಮ್ಮ ಕಲ್ಲುಬೆಟ್ಟಗಳ ಮೇಲ್ಪದರ ಹಾಳೆಹಾಳೆಯಾಗಿ ಬಿಡುತ್ತದೆ. ಟೊಳ್ಳು ಸದ್ದು ಬಂದರೆ ಆ ಹಾಳೆ ತಳದಿಂದ ಬಿಟ್ಟಿದೆ ಎಂದರ್ಥ. ಹುಲ್ಲಿನ ಬುಡ ಹಿಡಿದು ಮೈ ಎಳೆಯಬೇಡಿ. ಬಂಡೆ ಮೇಲಿನ ಮಣ್ಣು ನಾಲ್ಕು ಬೆರಳು ದಪ್ಪವೂ ಇರದು, ಬೇರಿನ ಸಮೇತ ಕೈಗೆ ಬರುತ್ತದೆ. ಬಂಡೆಯ ಮೇಲಿಂದ ಇಳಿದಿರುವ ಕಪ್ಪು ಪಟ್ಟೆ ಮಳೆನೀರು ಹರಿದ ಗುರುತು. ಅಲ್ಲಿ ಸೂಕ್ಷ್ಮ ಪಾಚಿ ಬೆಳೆದಿರುತ್ತದೆ. ಒಣಗಿದ್ದಾಗ ಕಾಲು ನಿಲ್ಲುತ್ತದೆ, ಇಬ್ಬನಿ ಬಿದ್ದರೂ ಸೋಪಿನಂತೆ ಜಾರುತ್ತದೆ. ಬಿಳಿಚಿದ ಒಣಬಂಡೆಯನ್ನೇ ಆರಿಸಿ.

ಗುಂಪಿದ್ದರೆ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬೇಡ. ಕಲ್ಲು ಉರುಳಿದರೆ "ಕಲ್ಲು!" ಎಂದು ಕೂಗಿ.

ಹೆಜ್ಜೇನಿಗೆ ಸೆಂಟು, ಹೊಗೆ, ಗಲಾಟೆ ಮೂರೂ ಆಗದು. ಎದ್ದರೆ ಮೊದಲು ಟವೆಲಿನಿಂದ ಮುಖ, ಕತ್ತು ಮುಚ್ಚಿ. ಕಡಿದು ಜಾಗದಲ್ಲಿದ್ದರೆ ಓಡದೆ ಭದ್ರವಾಗಿ ಕಾಲೂರುತ್ತಾ ಇಳಿದು, ಸಮನೆಲ ಸಿಕ್ಕ ಮೇಲೆ ಓಡಿ.

ಇಳಿಯುವಾಗ

ಹತ್ತುವಾಗಲೇ ಕಾಲು ಗಂಟೆಗೊಮ್ಮೆ ಹಿಂತಿರುಗಿ ನೋಡಿರಬೇಕು. ಅದೇ ಬಂಡೆ ಮೇಲಿಂದ ಬೇರೆಯದೇ ಆಗಿ ಕಾಣುತ್ತದೆ. ಇಳಿಜಾರು ಕಡಿಮೆಯಿದ್ದರೆ ಮುಖ ಹೊರಗಿಟ್ಟು, ಮೊಣಕಾಲು ಬಗ್ಗಿಸಿ ಇಳಿಯಿರಿ. ಕಡಿದಾದರೆ ಬಂಡೆಗೆ ಮುಖ ಮಾಡಿ. ಕುಂಡಿಯೂರಿ ಜಾರುವ ಅಭ್ಯಾಸ ಬಿಡಿ, ವೇಗ ಹಿಡಿದರೆ ನಿಲ್ಲಿಸುವ ದಾರಿಯಿಲ್ಲ. ಮೊಬೈಲಿನಲ್ಲಿ ಹತ್ತಿದ ಜಾಡು ದಾಖಲಾಗಿದ್ದರೂ ದೊಡ್ಡ ಬಂಡೆಗಳ ಸಂದಿನಲ್ಲಿ ಅದು ಹತ್ತಾರು ಮೀಟರ್ ಆಚೀಚೆ ಹಾರುತ್ತದೆ. ಅಷ್ಟರಲ್ಲೇ ಪ್ರಪಾತವೊಂದು ಇರಬಹುದು. ದಾರಿ ತಪ್ಪಿತೆನಿಸಿದರೆ ಅಡ್ಡಕ್ಕೆ ಹುಡುಕಬೇಡಿ. ಖಚಿತವಾಗಿ ಗುರುತಿದ್ದ ಕೊನೆಯ ಜಾಗಕ್ಕೆ ಮೇಲೇರಿ ಹೋಗಿ, ಅಲ್ಲಿಂದ ಮತ್ತೆ ಇಳಿಯಿರಿ. ಕತ್ತಲಾಗಿ ಇಳಿಯಲಾಗದಿದ್ದರೆ ಕೂತಲ್ಲೇ ಕೂತು 112ಕ್ಕೆ ಕರೆ ಮಾಡಿ, ಬೆಟ್ಟದ ಹೆಸರಿನ ಜೊತೆ ಮೊಬೈಲಿನ ನಕ್ಷೆಯಲ್ಲಿರುವ ಅಕ್ಷಾಂಶ, ರೇಖಾಂಶಗಳನ್ನೂ ಓದಿ ಹೇಳಿ.